ಯಾವ ಎಣ್ಣೆ ಎಂದು ಕೇಳುವ ವನಜಾ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗೆಜ್ಜಲಗೆರೆಯಿಂದ ಸಿಬ್ಬಂದಿಯನ್ನು ತುಂಬಿಕೊಂಡು ಬಂದ ವ್ಯಾನಿನಿಂದ ಇಳಿದವರೆಲ್ಲ ಟೀ ಹುಡುಕಿಕೊಂಡು ಹೋದರೆ, ವನಜಾ ಮಾತ್ರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರವಾಗಿ ರೆಸಾರ್ಟಿನ ಅಡುಗೆಮನೆಗೆ ನುಗ್ಗುತ್ತಾರೆ. ಒಲೆಯ ಪಕ್ಕದ ಡಬ್ಬದ ಮುಚ್ಚಳ ತೆಗೆದು ಮೂಸುತ್ತಾರೆ.

"ಇದ್ಯಾವ ಎಣ್ಣೆ?"

"ನಿನ್ನೆ ಇದ್ದದ್ದೇ ಕಣವ್ವ," ಬಾಣಸಿಗ ಪುಟ್ಟಮಾದಯ್ಯ ತಲೆಯೆತ್ತದೆ ಹೇಳುತ್ತಾರೆ.

"ನಿನ್ನೇದು ನಿನ್ನೆಗಾಯ್ತು. ಇವತ್ತಿಂದು ಯಾವ್ದು ಏಳಣ್ಣ."

"ಬಂದ್ಲಪ್ಪಾ ಎಣ್ಣೆ ಇನ್ಸ್‌ಪೆಕ್ಟ್ರು! ಕಳ್ಳೆಕಾಯೆಣ್ಣೆ ಕಣಮ್ಮಿ, ಗಾಣದ್ದು. ಸಾಕಾ, ಬರ್ದು ಕೊಡ್ಲಾ?"

ತರಕಾರಿ ಹೆಚ್ಚುತ್ತಿದ್ದವರು ನಗುತ್ತಾರೆ. ವನಜಾ ನಗುವುದಿಲ್ಲ. ಡಬ್ಬದ ಮುಚ್ಚಳವನ್ನು ಎರಡು ಸಲ ಹಾಕಲು ನೋಡುತ್ತಾರೆ, ಎರಡು ಸಲವೂ ಅದು ಕೂರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ತುಮಕೂರಿನಿಂದ ಒಂದು ಕುಟುಂಬ ಬರಲಿದೆ, ಅದರಲ್ಲಿ ಇಂಪನಾ ಎಂಬ ಹುಡುಗಿ ಇದ್ದಾಳೆ. ಹೋದ ಬೇಸಿಗೆಯಲ್ಲಿ ವನಜಾ ಆರಿಸಿಕೊಟ್ಟ ಊಟ ಉಂಡು ಆ ಮಗು ಆಸ್ಪತ್ರೆ ಸೇರಿತ್ತು.

ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೊರಟರೆ ಗದ್ದೆಗಳ ನಡುವೆ ಇದ್ದಕ್ಕಿದ್ದಂತೆ ನೀಲಿ ಬಣ್ಣದ ಜಾರುಬಂಡೆಗಳು ಆಕಾಶಕ್ಕೆ ಏರಿ ನಿಂತಿರುವುದು ಕಾಣುತ್ತದೆ. ಅದೇ ಈ ಮನರಂಜನಾ ಪಾರ್ಕು. ಪಕ್ಕದಲ್ಲೇ ಉಳಿದುಕೊಳ್ಳುವವರಿಗೆ ರೆಸಾರ್ಟು, ಅದರೊಳಗೆ ಮೂರು ದೊಡ್ಡ ರೆಸ್ಟೋರೆಂಟುಗಳು. 'ಹಜಾರ'ದಲ್ಲಿ ಬಾಳೆಲೆಯ ಮೇಲೆ ನಮ್ಮ ಕಡೆಯ ಊಟ. 'ಅರಮನೆ'ಯಲ್ಲಿ ರೋಟಿ, ಕಬಾಬು. ಅಲೆಗಳ ಕೊಳದ ಮೇಲೆ ಗಾಜಿನ ಪೆಟ್ಟಿಗೆಯಂತೆ ಕೂತಿರುವ 'ಅಲೆ'ಯಲ್ಲಿ, ಹೆಸರು ಹೇಳಲು ಹೋದರೆ ನಾಲಿಗೆ ತೊಡರುವ ವಿದೇಶಿ ತಿನಿಸು. ಒಂದೊಂದರ ಮೆನು ಪುಸ್ತಕವೂ ಮದುವೆ ಆಲ್ಬಮ್ಮಿನಷ್ಟು ಭಾರ.

ನೀರಿನಲ್ಲಿ ಆಡಿ ಹಸಿದು ಬಂದವರು ಈ ಮೂರರ ನಡುವಿನ ಕಟ್ಟೆಯ ಹತ್ತಿರ ಬಂದು ದಿಕ್ಕು ತೋಚದೆ ನಿಲ್ಲುತ್ತಾರೆ. ಅತ್ತೆಗೆ ಅನ್ನ ಬೇಕು, ಮಕ್ಕಳಿಗೆ ಪಿಜ್ಜಾ ಬೇಕು, ಯಜಮಾನರಿಗೆ ಬೆಲೆ ಗೊತ್ತಾಗಬೇಕು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ, ಇಲ್ಲಿ ಅದು ಉಣ್ಣುವ ಮೊದಲೇ ಶುರು. ಅಂಥವರನ್ನು ಮಾತಾಡಿಸಿ, ಯಾರಿಗೆ ಏನು ಸೇರುತ್ತದೆ ಎಂದು ಕೇಳಿ, ಸರಿಯಾದ ಬಾಗಿಲಿಗೆ ಕರೆದೊಯ್ಯುವುದು ವನಜಾರ ಕೆಲಸ. ರಜಾ ದಿನಗಳಲ್ಲಿ ನೂರಾರು ಜನ ಅವರ ಮಾತು ನಂಬಿ ಊಟಕ್ಕೆ ಕೂರುತ್ತಾರೆ. ಎದೆಯ ಮೇಲಿನ ಬಿಲ್ಲೆಯಲ್ಲಿ 'ಅತಿಥಿ ಸಹಾಯಕಿ' ಎಂದಿದೆ, ಸಿಬ್ಬಂದಿಗೆ ಅವರು 'ಊಟದಕ್ಕ'.

ವನಜಾ ಕೆರಗೋಡಿನವರು. ಗಂಡ ನಾಗೇಶ್ ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಮೆಷಿನ್ ನೋಡಿಕೊಳ್ಳುತ್ತಾರೆ. ವನಜಾ ಇಲ್ಲಿಗೆ ಬಂದದ್ದು ಪಾತ್ರೆ ತೊಳೆಯಲು. ಕಟ್ಟೆಯ ಹತ್ತಿರ ಪೇಚಾಡುತ್ತಿದ್ದ ಅಜ್ಜಿಯೊಬ್ಬರಿಗೆ "ಅಲ್ಲಿಗೋದ್ರೆ ಹಲ್ಲಿಲ್ದೋರು ಅಗಿಯಕಾಗಕಿಲ್ಲ, ಇಲ್ ಬನ್ನಿ" ಎಂದು ದಾರಿ ತೋರಿಸಿದ್ದು ಮ್ಯಾನೇಜರ್ ಕಣ್ಣಿಗೆ ಬಿತ್ತು. ಮಾರನೇ ತಿಂಗಳು ಕೈಯಿಂದ ಸೋಪಿನ ನೊರೆ ಹೋಗಿ ಎದೆಗೆ ಬಿಲ್ಲೆ ಬಂತು.

"ನೀವು ಇಲ್ಲೆಲ್ಲ ಊಟ ಮಾಡಿದ್ದೀರಾ?" ಎಂದು ಅವರ ಬಗ್ಗೆ ಬರೆಯಲು ಬಂದಿರುವ ನಾನು ಕೇಳುತ್ತೇನೆ.

"ನಮ್ಗೆ ಬ್ಯಾರೆ ಮೆಸ್ಸು ಐತೆ ಸಾ. ಇಲ್ಲಿಂದೆಲ್ಲ ಚಮಚ್ದಲ್ಲಿ ರುಚಿ ನೋಡಿವ್ನಿ. ಆ ಅಲೆ ಓಟ್ಲುದು ಯಾಕೋ ಬಾಣಂತಿ ಪಥ್ಯದಂಗೆ ಇರ್ತದೆ. ಬಂದೋರ್ ಮುಂದೆ ಅಂಗನ್ನಕಾಯ್ತದಾ?"

ಅನ್ನುವಂತಿಲ್ಲ. ಅತಿಥಿಯ ಮುಂದೆ 'ಇಲ್ಲ', 'ಗೊತ್ತಿಲ್ಲ' ಎಂಬ ಮಾತೇ ಬರಬಾರದು ಎಂದು ರೆಸಾರ್ಟಿನ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ನಮ್ಮ ಮಂಡ್ಯದ ಕಡೆಯವರಿಗೆ ಅದನ್ನು ಕಲಿಸುವ ಅಗತ್ಯವೇ ಇರಲಿಲ್ಲ. ಕಂಡರಿಯದ ಊರಿಗೂ 'ಇಂಗೋಗಿ ಅಂಗ್ ತಿರಿಕಳಿ' ಎಂದು ದಾರಿ ಹೇಳುವ ಜನ ನಾವು. ಕೇಳಿದವರನ್ನು ಬರಿಗೈಯಲ್ಲಿ ಕಳಿಸಲು ನಾಚಿಕೆ.

ಹೋದ ಬೇಸಿಗೆಯಲ್ಲಿ ಇಂಪನಾಳ ತಾಯಿ ಶ್ವೇತ ಕಟ್ಟೆಯ ಹತ್ತಿರ ಬಂದು, ಮಗಳಿಗೆ ಕಡಲೆಕಾಯಿ ಆಗುವುದಿಲ್ಲ, ಯಾವ ಹೋಟೆಲಿನಲ್ಲಿ ಅದಿಲ್ಲ ಎಂದು ವಿಚಾರಿಸಿದರು. ವನಜಾ ಯೋಚಿಸಿದರು. ಹಜಾರದಲ್ಲಿ ಅವತ್ತು ಕಾಯಿ ಚಟ್ನಿ, ಹುರಿಗಡಲೆ ಪುಡಿ. ಕಡಲೆಕಾಯಿ ಎಲ್ಲೂ ಇಲ್ಲ. "ಇಲ್ಲ ಕಣಮ್ಮ, ಧೈರ್ಯವಾಗಿ ತಿನ್ಸಿ" ಎಂದು ಅಲ್ಲಿಗೇ ಕರೆದೊಯ್ದು ಕೂರಿಸಿದರು. ಬಿಸಿ ಅಕ್ಕಿರೊಟ್ಟಿ ಬಂತು. ಪುಟ್ಟಮಾದಯ್ಯ ಮಗುವಿನ ಮೇಲಿನ ಅಕ್ಕರೆಗೆ ಗಾಣದೆಣ್ಣೆ ಇನ್ನೊಂದು ಚಮಚ ಜಾಸ್ತಿಯೇ ಬಿಟ್ಟಿದ್ದರು.

ರೊಟ್ಟಿ ಅರ್ಧ ಮುಗಿಯುವಷ್ಟರಲ್ಲಿ ತುಟಿ ಊದಿತು, ಉಸಿರು ಸಿಳ್ಳೆ ಹಾಕತೊಡಗಿತು. ತಾಯಿಯ ಬ್ಯಾಗಿನಲ್ಲಿ ಇಂಜೆಕ್ಷನ್ ಇದ್ದದ್ದರಿಂದ ಜೀವ ಉಳಿಯಿತು. ಮಂಡ್ಯದ ಆಸ್ಪತ್ರೆಯಲ್ಲಿ ಸಂಜೆಯ ಹೊತ್ತಿಗೆ ಮಗು ಕಣ್ಣುಬಿಟ್ಟು ಮಾತಾಡಿತು.

"ಎಣ್ಣೆ ಅಂದ್ರೆ ಎಣ್ಣೆ ಅಲ್ವಾ ಸಾ?" ವನಜಾ ಈಗಲೂ ಇದನ್ನು ಕೇಳುವಾಗ ನನ್ನ ಮುಖ ನೋಡುವುದಿಲ್ಲ. "ಉಟ್ದಾಗ್ಲಿಂದ ನಮ್ಮನೇಲಿ ಅದೊಂದೇ ಎಣ್ಣೆ. ಗಾಣಕ್ಕೆ ಕಳ್ಳೆಕಾಯ್ ಬೀಜ ಒತ್ಕೊಂಡ್ ಓಗಿರೋಳೂ ನಾನೇಯ. ಆದ್ರೂ ಆ ಗಳಿಗೇಲಿ ತಲೇಗ್ ಬರ್ನಿಲ್ಲ."

ಎರಡು ತಿಂಗಳು ಅವರನ್ನು ಮತ್ತೆ ಪಾತ್ರೆಗೆ ಹಾಕಿದರು. ಅದೇ ವಾಸಿ ಎನಿಸಿತ್ತಂತೆ, ತಟ್ಟೆ ತೊಳೆದರೆ ಯಾರಿಗೂ ಉಸಿರು ಕಟ್ಟುವುದಿಲ್ಲ. ಕಟ್ಟೆಯ ಬಳಿ ಅವರ ಜಾಗಕ್ಕೆ ಬಂದ ಹೊಸಬರು ಕೆಲಸದಲ್ಲಿ ನಿಲ್ಲದೆ ಹೋದಾಗ ಮ್ಯಾನೇಜರ್ ಮತ್ತೆ ಕರೆದರು. ಈಗ ಆ ಕುಟುಂಬ ಫೋನು ಮಾಡಿ ರೂಮು ಹಿಡಿದಿದೆ. ಅವತ್ತು ಊಟಕ್ಕೆ ಕರೆದುಕೊಂಡು ಹೋದ ಸಹಾಯಕಿಯೇ ಈ ಸಲವೂ ಇರಬೇಕು ಎಂದು ಹೇಳಿದೆ. ಏಕೆಂದು ಹೇಳಿಲ್ಲ.

"ಬೈಯಕೇ ಇರ್ಬೇಕು. ಬೈದ್ರೆ ಬೈಸ್ಕತೀನಿ, ಕೆಲ್ಸ ಓದ್ರೂ ಓಗ್ಲಿ. ಆ ಮಗೀಗೆ ಇನ್ನೊಂದ್ ಕಿತ ಏನಾರಾ ಆದ್ರೆ ನಾನು ಉಳಿಯಕಿಲ್ಲ ಸಾ."

ಮಧ್ಯಾಹ್ನ ಅವರು ಬರುತ್ತಾರೆ. ಇಂಪನಾ ಒಂದು ಗೇಣು ಬೆಳೆದಿದ್ದಾಳೆ, ಮುಂದಿನ ಹಲ್ಲೊಂದು ಬಿದ್ದಿದೆ. ಬಂದವಳೇ ಹಜಾರದ ಕಡೆ ಬೆರಳು ತೋರಿಸಿ ಅಲ್ಲೇ ತಿನ್ನಬೇಕು ಎನ್ನುತ್ತಾಳೆ. ಹೊಸ ತವ ಇಟ್ಟು ಬೇರೆ ಎಣ್ಣೆಯಲ್ಲಿ ಮಾಡಿಕೊಡುತ್ತೇನೆ ಎಂದು ಪುಟ್ಟಮಾದಯ್ಯ ಬಾಗಿಲಿಗೇ ಬಂದು ನಿಲ್ಲುತ್ತಾರೆ. ಅವರಿಗೂ ಒಳಗೊಳಗೆ ಅಳುಕಿದೆ, ತಪ್ಪನ್ನು ತೊಳೆದುಕೊಳ್ಳುವ ಆಸೆಯಿದೆ.

"ಬ್ಯಾಡ ಕಣಣ್ಣ," ವನಜಾ ಅಡ್ಡ ನಿಲ್ಲುತ್ತಾರೆ. "ತವ ಒಸಾದು. ಸವಟು? ಇಟ್ಟಿನ್ ಪಾತ್ರೆ? ನಿನ್ ಕೈ? ಎಲ್ಲಾ ಅದೇ ಎಣ್ಣೆ ಕುಡ್ದವೆ."

ಪುಟ್ಟಮಾದಯ್ಯನವರ ಮುಖ ಸಣ್ಣದಾಗುತ್ತದೆ. ವನಜಾ ಅಲೆಗೆ ಹೋಗುತ್ತಾರೆ, ಮ್ಯಾನೇಜರೂ ಸೇರಿ ಎಲ್ಲರೂ ಹಿಂದೆ. ಅಲ್ಲಿನ ಯುವ ಶೆಫ್ "ಟೆನ್ಷನ್ ಬೇಡ ಅಕ್ಕ, ಎಲ್ಲ ಸೇಫ್" ಎನ್ನುತ್ತಾನೆ. ವನಜಾ ಅವನನ್ನು ದಾಟಿ ಒಳಗೆ ಹೋಗಿ ಡಬ್ಬ ಡಬ್ಬ ತೆಗೆಸುತ್ತಾರೆ. ಸೂರ್ಯಕಾಂತಿ ಎಣ್ಣೆ. ಬೆಣ್ಣೆ. ಒಂದು ಸಾಸಿನ ಬಾಟಲಿಯ ಚೀಟಿ ಅಳಿಸಿಹೋಗಿದೆ. ಹೊರಗೆ ಬಂದು ತಾಯಿಯ ಮುಂದೆ, ತರಬೇತಿ ಕೊಟ್ಟ ಮ್ಯಾನೇಜರ್ ಎದುರಿಗೇ ಹೇಳುತ್ತಾರೆ: "ಆ ಸಾಸಲ್ಲಿ ಏನೈತೋ ನಂಗೊತ್ತಿಲ್ಲ ಕಣಮ್ಮ. ಗೊತ್ತಿಲ್ದೆ ಇರದು ಬ್ಯಾಡ. ಬೆಣ್ಣೆ ಆಕಿದ್ ಪಾಸ್ತಾ ಒಂದೇ ಕೊಡ್ಸಿ."

ಮಗು ಮುಖ ಸೊಟ್ಟ ಮಾಡಿಕೊಂಡು ತಿನ್ನುತ್ತದೆ. ವನಜಾ ಗಾಜಿನ ಆಚೆ ನಿಂತು ಅದರ ತುಟಿಯನ್ನೇ ನೋಡುತ್ತಾರೆ. ನಾನು ಬರೆಯಲು ತೆಗೆದ ಪೆನ್ನು ಹಾಗೇ ಕೈಯಲ್ಲಿದೆ.

ಬೈಯಲಿಕ್ಕೇ ಬಂದಿರಾ ಎಂದು ಶ್ವೇತ ಅವರನ್ನು ಪಕ್ಕಕ್ಕೆ ಕರೆದು ಕೇಳುತ್ತೇನೆ. ಅವರು ಮಗಳ ಮೇಲಿನ ಕಣ್ಣು ತೆಗೆಯದೆ ಉತ್ತರಿಸುತ್ತಾರೆ.

"ಅವತ್ತು ತುಂಬ ಕೋಪ ಬಂದಿತ್ತು. ಆದರೆ ಎಲ್ಲಿ ಹೋದರೂ ಎಲ್ಲರೂ 'ಏನಾಗಲ್ಲ, ಏನಾಗಲ್ಲ' ಅಂತಾರೆ ಸರ್. ನಾನೊಬ್ಬಳೇ ಹೆದರಿಕೊಂಡು ಸಾಕಾಗಿದೆ. ನನ್ನ ಮಗಳ ಬಗ್ಗೆ ನನ್ನಷ್ಟೇ ಹೆದರೋರು ಇವರೊಬ್ಬರೇ. ಅದಕ್ಕೇ ಇವರೇ ಇರಲಿ ಅಂದೆ."

ತಟ್ಟೆ ಖಾಲಿಯಾಗುತ್ತದೆ. ತುಟಿ ತುಟಿಯ ಹಾಗೇ ಇದೆ. ಅರ್ಧ ಗಂಟೆ, ಮುಕ್ಕಾಲು ಗಂಟೆ, ಮಗು ಅಲೆಗಳ ಕೊಳದಲ್ಲಿ ಕೂಗಾಡುತ್ತಿದೆ. ಶ್ವೇತ ಹೇಳಿದ್ದನ್ನು ನಾನು ವನಜಾರಿಗೆ ಹೇಳುತ್ತೇನೆ. ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ, ಒಂದಲ್ಲ, ನಾಲ್ಕು ಸಲ.

ಅಷ್ಟರಲ್ಲಿ ಇಂಪನಾ ನೀರು ಸುರಿಸಿಕೊಂಡು ಓಡಿ ಬಂದು ಅವರ ಕೈ ಹಿಡಿದು ಜಗ್ಗುತ್ತಾಳೆ. "ಆಂಟೀ, ಸಾಯಂಕಾಲ ನಂಗೆ ಏನು ಕೊಡ್ತೀರಾ?"

ವನಜಾರ ಮುಖದಲ್ಲಿ ಆಗಷ್ಟೇ ಬಂದಿದ್ದ ನಿರಾಳ ಮತ್ತೆ ಹೋಗುತ್ತದೆ. "ಇರವ್ವ, ಕೇಳ್ಕಂಡ್ ಬತ್ತೀನಿ," ಎಂದು ಅಡುಗೆಮನೆಯ ಕಡೆ ಹೊರಡುತ್ತಾರೆ. ನಾನೂ ಹಿಂದೆಯೇ ನಡೆಯುತ್ತ, ಇಷ್ಟು ಭಯ ಇಟ್ಟುಕೊಂಡು ದಿನಾ ಹೇಗೆ ಕೆಲಸ ಮಾಡುತ್ತೀರಿ ಎನ್ನುತ್ತೇನೆ.

"ಭಯ ಇರ್ಲಿ ಬುಡಿ ಸಾ," ಅವರು ಬಾಗಿಲು ತಳ್ಳುತ್ತ ಹೇಳುತ್ತಾರೆ. "ಅದು ಓಯ್ತು ಅಂದ್ ದಿವ್ಸ ಈ ಬಿಲ್ಲೆ ನಾನೇ ಬಿಚ್ಕೊಡ್ತೀನಿ."