ಮೀನೆಣ್ಣೆ ಹಚ್ಚಿದ ಕಂಪ್ಯೂಟರು

ಬೈತಖೋಲ ಬಂದರಿನ ಹಿಂದಿನ ಗುಡ್ಡದ ಮೇಲೆ ಬೆಳಕು ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ದತ್ತಾ ತಾಂಡೇಲರು ಆಗಲೇ ತಮ್ಮ ಅಂಗಡಿಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಹಳೆಯ ಕಂಪ್ಯೂಟರೊಂದರ ಪೆಟ್ಟಿಗೆ ಬಿಚ್ಚುತ್ತಿದ್ದಾರೆ. ನಾಲ್ಕು ಸ್ಕ್ರೂ ಇರಬೇಕಾದಲ್ಲಿ ಒಂದೇ ಇದೆ. ಉಳಿದ ಮೂರರ ಜಾಗದಲ್ಲಿ ಬಲೆ ಹೆಣೆಯುವ ನೈಲಾನು ದಾರದ ಗಂಟುಗಳು. ಗಂಟು ಕತ್ತರಿಸಿ ಮುಚ್ಚಳ ಸರಿಸಿದವರೇ ಮುಖ ಹಿಂದಕ್ಕೆಳೆದುಕೊಳ್ಳುತ್ತಾರೆ. ಒಳಗೆ ಬೆರಳು ಅದ್ದಿ ಮೂಗಿಗೆ ಹಿಡಿಯುತ್ತಾರೆ. ಅನುಮಾನವೇ ಇಲ್ಲ, ಮೀನೆಣ್ಣೆ.

"ದೇವರೇ, ಇದನ್ನ ದೋಣಿ ಅಂತ ತಿಳ್ಕಂಡ್ನಾ ಇವ?"

ಇದು ೨೦೦೭ರ ಮೇ ಕೊನೆಯ ವಾರ. ಮಳೆಗಾಲಕ್ಕೆ ಮುಂಚೆ ಕಾರವಾರದ ಕಡಲಂಚಿನಲ್ಲಿ ಮರದ ದೋಣಿಗಳನ್ನು ದಡಕ್ಕೆ ಎಳೆದು, ಉಪ್ಪುಗಾಳಿ ತಿನ್ನದಿರಲೆಂದು ಮೀನೆಣ್ಣೆ ಬಳಿದು ಮಲಗಿಸುತ್ತಾರೆ. ಈ ಕಂಪ್ಯೂಟರನ್ನು ದಾನ ಕೊಟ್ಟದ್ದು ಮೀನುಗಾರರ ಒಂದು ಸಣ್ಣ ಸಂಘ. ಅದರ ಕಾರ್ಯದರ್ಶಿ ಮಾಬ್ಲೇಶ್ವರನಿಗೆ ದತ್ತಾ ಅಲ್ಲಿಂದಲೇ ಮೊಬೈಲು ಹಚ್ಚುತ್ತಾರೆ.

"ಮಾಬ್ಲೇಶ್ವರಾ, ಕಂಪ್ಯೂಟರಿಗೆ ಎಂತ ಹಚ್ಚಿದೆ ಮಾರಾಯಾ?"

"ಎಣ್ಣೆ, ದತ್ತಾ ಭಾವಾ. ಹಳೇದಲ್ಲ, ಒಳ್ಳೇದೇ ಹಚ್ಚಿದ್ದೆ. ದಾನ ಕೊಡೂದು, ತುಕ್ಕು ಹಿಡಿದು ಹೋಗೂದು ಬೇಡ ಅಂತ."

"ಒಳಗೂ?"

"ಒಳಗೇ ಅಲ್ವಾ ಭಾವಾ ಹಚ್ಬೇಕು? ಹೊರಗೆ ಬಣ್ಣ ಉಂಟಲ್ಲ. ಎರಡು ಕೈ ಹಚ್ಚಿದ್ದೆ."

ದತ್ತಾ ಫೋನನ್ನು ಕಿವಿಯಿಂದ ಇಳಿಸುತ್ತಾರೆ. ಬೈಯೋಣವೆಂದರೆ ಅವನ ಮಾತಿನಲ್ಲಿ ಕಪಟವಿಲ್ಲ. ಬಿಡೋಣವೆಂದರೆ ಈ ಪೆಟ್ಟಿಗೆಯನ್ನು ಹುಡುಕಲು ಹದಿನಾಲ್ಕು ಕಚೇರಿಗಳ ಮೆಟ್ಟಿಲು ಹತ್ತಿ ಇಳಿದಾಗಿದೆ.

ನಲವತ್ತೇಳರ ದತ್ತಾ ಓದಿದ್ದು ಏಳನೆಯವರೆಗೆ. ಬೋಟುಗಳ ವಾಯರ್‌ಲೆಸ್ಸು, ನೀರಡಿಯ ಮೀನಿನ ಹಿಂಡು ತೋರಿಸುವ ಯಂತ್ರ, ಇವುಗಳ ರಿಪೇರಿಯೇ ಹೊಟ್ಟೆಪಾಡು. ಮೀನುಗಾರಿಕೆಯ ದಿನಗಳಲ್ಲಿ ದಿನಕ್ಕೆ ಏಳೆಂಟು ಸೆಟ್ಟು ಅವರ ಕೈ ದಾಟುತ್ತವೆ. ಅದರ ಜೊತೆಗೆ, ಯಾರೂ ಹೇಳದೆ ಮೈಮೇಲೆ ಎಳೆದುಕೊಂಡ ಇನ್ನೊಂದು ಕೆಲಸವಿದೆ. ಕಾರವಾರ, ಕದ್ವಾಡ, ಕಿನ್ನರ, ಅಂಕೋಲೆಗಳಲ್ಲಿ ಮೂಲೆ ಸೇರಿದ ಕಂಪ್ಯೂಟರುಗಳನ್ನು ಬೇಡಿ ತಂದು, ಜೀವ ತುಂಬಿ, ಎಲ್ಲರಿಗೂ ಪುಕ್ಕಟೆಯಾಗಿ ಸಿಗುವ ಮುಕ್ತ ತಂತ್ರಾಂಶ ಬರೆಯುವ ಸ್ವಯಂಸೇವಕರಿಗೆ ಕಳಿಸಿಕೊಡುವುದು. ಆರು ವರ್ಷಗಳಲ್ಲಿ ಬಂದವು ಅರವತ್ತೊಂದು, ಎದ್ದು ಕೂತವು ಇಪ್ಪತ್ತಮೂರು.

ಉಳಿದ ಮೂವತ್ತೆಂಟರ ಕತೆ ಕೇಳಿದರೆ ದತ್ತಾರ ದನಿ ಏರುತ್ತದೆ. ಒಬ್ಬ ವಕೀಲರು ಬರೀ ಖಾಲಿ ಪೆಟ್ಟಿಗೆ ಕೊಟ್ಟು ರಸೀದಿ ಕೇಳಿದರು. ಒಂದು ಅಂಗಡಿಯಿಂದ ಬಂದ ಕೀಬೋರ್ಡು ಒಂಬತ್ತು ಆಯುಧಪೂಜೆಗಳ ಅರಿಶಿನ ಕುಂಕುಮ ತುಂಬಿಕೊಂಡು ಗಟ್ಟಿಯಾಗಿತ್ತು, ಒಂದು ಗುಂಡಿಯೂ ಕೆಳಗಿಳಿಯುತ್ತಿರಲಿಲ್ಲ. "ದಾನ ಕೊಟ್ಟ ಆಕಳ ಹಲ್ಲು ಎಣಿಸ್ಬಾರ್ದಂತೆ. ಎಣಿಸೂದಿಲ್ಲ ಮಾರಾಯ್ರೇ. ಆದ್ರೆ ಆಕಳಿಗೆ ತಲೆಯಾದ್ರೂ ಬೇಡ್ವಾ?"

ಮನೆಯಲ್ಲಿ ಹೆಂಡತಿ ರಂಜನಾರದ್ದು ಬೇರೆಯೇ ದೂರು. "ಬೇರೆಯವ್ರ ಮನೇಲಿ ಅಟ್ಟದ ಮೇಲೆ ಅಕ್ಕಿ ಇರ್ತದೆ. ನಮ್ಮನೇಲಿ ಏನೂ ಕಾಣದ ಟೀವಿ ಹನ್ನೆರಡು ಉಂಟು."

ಇದೆಲ್ಲ ಶುರುವಾದದ್ದು ೨೦೦೧ರಲ್ಲಿ, ನಾಗಶ್ರೀ ಹೆಗಡೆಯವರಿಂದ. ಅವರು ಅಂಕೋಲೆಯ ಶೆಟಗೇರಿ ಕಡೆಯ ಪ್ರೌಢಶಾಲೆಯೊಂದರ ವಿಜ್ಞಾನದ ಶಿಕ್ಷಕಿ, ಊರವರ ಬಾಯಲ್ಲಿ ಅಕ್ಕೋರು. ಸುಟ್ಟುಹೋದ ಕಂಪ್ಯೂಟರಿನ ಭಾಗವೊಂದನ್ನು ಪಂಚೆಯಲ್ಲಿ ಸುತ್ತಿಕೊಂಡು ದತ್ತಾರ ಅಂಗಡಿಗೆ ಬಂದಿದ್ದರು. ಅದನ್ನು ಸರಿಮಾಡುತ್ತಲೇ ದತ್ತಾ ವಿಚಾರಿಸಿದರು. ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಮೂಡುವಂತೆ ಅಕ್ಕೋರು ಬಿಡುವಿನಲ್ಲಿ ತಂತ್ರಾಂಶ ಬರೆಯುತ್ತಾರೆ, ಅವರಂಥವರು ದೇಶದೇಶಗಳಲ್ಲಿದ್ದಾರೆ, ಬರೆದದ್ದನ್ನು ಯಾರು ಬೇಕಾದರೂ ಬಳಸಬಹುದು ಎಂಬುದೆಲ್ಲ ತಿಳಿಯಿತು.

"ಸಂಬಳ?" ಎಂದು ಕೇಳಿದರು ದತ್ತಾ.

"ಇಲ್ಲ."

"ಮತ್ತೆ ಮನೇಲಿ ಎಂತ ಹೇಳ್ತಾರೆ?"

"ಅದೊಂದು ಕೇಳ್ಬೇಡಿ."

ಆ ಉತ್ತರವೇ ಇಬ್ಬರ ನಡುವೆ ನೆಂಟಸ್ತಿಕೆ ಬೆಸೆಯಿತು. "ಕಡಲಲ್ಲಿ ಬೋಟಿನ ಇಂಜಿನ್ ಕೆಟ್ರೆ ವಾಯರ್‌ಲೆಸ್ಸಲ್ಲಿ ಕೂಗ್ತಾರೆ. ಕೇಳಿದವ ಹೋಗಿ ಎಳ್ಕಂಡು ಬರ್ಬೇಕು. ಯಾವ ಊರಿನವ, ಎಷ್ಟು ಕೊಡ್ತೆ ಅಂತ ಕೇಳೂದಿಲ್ಲ. ಇವ್ರದ್ದೂ ಅದೇ ನಮೂನೆ. ಆದ್ರೆ ಎಳೆಯೂಕೆ ಬೋಟೇ ಇಲ್ದೇ ಹೋದ್ರೆ?"

ಬೋಟು ಎಂದರೆ ಇಲ್ಲಿ ಯಂತ್ರ. ೨೦೦೭ರ ಸಂಕಟವೂ ಅದೇ. ನಾಗಶ್ರೀಯವರ ಶಾಲೆಯಲ್ಲಿ ಸರ್ಕಾರ ಕೊಟ್ಟ ಹತ್ತು ಕಂಪ್ಯೂಟರುಗಳಿವೆ. ಅಜ್ಜಿಕತೆಯ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿ ಇರುವಂತೆ, ಆ ಹತ್ತರ ಜೀವವೂ ಪರದೆಗೆ ಚಿತ್ರ ಕಳಿಸುವ ಒಂದೇ ಮಾದರಿಯ ಹಳೇ ಡಿಸ್‌ಪ್ಲೇ ಕಾರ್ಡಿನಲ್ಲಿದೆ. ಮುಕ್ತ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಕನ್ನಡ ಮೊದಲ ಸಲ ಮುರಿಯದೆ ಮೂಡಲಿದೆ. ಆದರೆ ಆ ಕಾರ್ಡು ಈಗ ತಂಡದ ಯಾರ ಬಳಿಯೂ ಇಲ್ಲದ ಕಾರಣ, ಜೂನ್ ಹತ್ತರೊಳಗೆ ಯಾರೂ ಪರೀಕ್ಷಿಸಿ ತಿಳಿಸದಿದ್ದರೆ ಹೊಸ ಆವೃತ್ತಿ ನಡೆಯುವ ಕಾರ್ಡುಗಳ ಪಟ್ಟಿಯಿಂದ ಅದನ್ನು ಕೈಬಿಡುತ್ತೇವೆ ಎಂದು ತಂಡದಿಂದ ಪತ್ರ ಬಂದಿದೆ. ಕೈಬಿಟ್ಟರೆ ಶಾಲೆಯ ಮಕ್ಕಳಿಗೆ ಹೊಸ ಆವೃತ್ತಿಯೂ ಇಲ್ಲ, ಕನ್ನಡವೂ ಇಲ್ಲ.

ಶಾಲೆಯ ಯಂತ್ರದಲ್ಲೇ ಪರೀಕ್ಷಿಸಬಹುದಿತ್ತಲ್ಲ? ದತ್ತಾ ಇದನ್ನು ಕೇಳಿ, ಉತ್ತರವನ್ನು ಎರಡು ಸಲ ಹೇಳಿಸಿಕೊಂಡರು. ಪರೀಕ್ಷೆಯಾಗದ ತಂತ್ರಾಂಶವನ್ನು ಶಾಲೆಯ ಕಂಪ್ಯೂಟರಿಗೆ ಹಾಕುವಂತಿಲ್ಲ ಎಂದು ಆದೇಶವಿದೆ. ಪರೀಕ್ಷೆಗೆ ಶಾಲೆಯ ಕಂಪ್ಯೂಟರು ಕೊಡುವಂತಿಲ್ಲ ಎಂದೂ ಇದೆ. ಒಂದೇ ಹಾಳೆಯಲ್ಲಿ. "ಈಜು ಕಲಿತ ಮೇಲೇ ನೀರಿಗೆ ಇಳೀಬೇಕಂತೆ," ಎಂದು ದತ್ತಾ ಹಣೆ ಚಚ್ಚಿಕೊಂಡರು.

ಅದೇ ಕಾರ್ಡಿದ್ದ ಯಂತ್ರ ಸಿಕ್ಕಿದ್ದು ಮಾಬ್ಲೇಶ್ವರನ ಸಂಘದಲ್ಲಿ. ಅದು ಈಗ ಮೀನೆಣ್ಣೆಯಲ್ಲಿ ಮಿಂದು ಮುಂದೆ ಕೂತಿದೆ.

ದತ್ತಾ ಬೈಯುತ್ತಲೇ ಕೆಲಸಕ್ಕಿಳಿಯುತ್ತಾರೆ. ಕಡಲಿಗೆ ಬಿದ್ದ ವಾಯರ್‌ಲೆಸ್ಸುಗಳನ್ನು ಸಿಹಿನೀರಲ್ಲಿ ತೊಳೆದು ಬದುಕಿಸಿದ ಕೈ ಅದು. ಆದರೆ ಉಪ್ಪುನೀರಿನ ಹಾಗೆ ಎಣ್ಣೆ ಬಿಡುವುದಿಲ್ಲ. ಸ್ಪಿರಿಟ್ಟು ಹಾಕಿ ಉಜ್ಜಿದರೂ ಜಿಡ್ಡು. ಸಂಜೆ ಮನೆಗೆ ತಂದು ಮತ್ತೆ ಉಜ್ಜುವುದನ್ನು ನೋಡಿ ನೋಡಿ ರಂಜನಾ ಒಂದು ಬಟ್ಟಲು ಅವರ ಮುಂದೆ ಕುಕ್ಕುತ್ತಾರೆ. ಅಂಟುವಾಳಕಾಯಿಯ ನೊರೆ. "ಎಣ್ಣೆ ಸ್ನಾನ ಮಾಡಿದ್ದಕ್ಕೆ ಇದಲ್ದೇ ಮತ್ತೆಂತ ಹಾಕ್ತಾರೆ? ಅಷ್ಟೂ ಗೊತ್ತಾಗೂದಿಲ್ವಾ?"

ಗೊತ್ತಾಗಿರಲಿಲ್ಲ. ಹಳೇ ಬ್ರಶ್ಶಿನಿಂದ ಮೂರು ಸಲ ಅಂಟುವಾಳ, ಮೂರು ಸಲ ಸಿಹಿನೀರು, ಕೊನೆಗೆ ಸ್ಪಿರಿಟ್ಟು. ಒಣಗಿಸೋಣವೆಂದರೆ ಅದೇ ದಿನ ಮಳೆ ಹಿಡಿಯುತ್ತದೆ. ಒಲೆಯಿಂದ ಮೂರು ಮೊಳ ಮೇಲೆ ಹಲಗೆ ಕಟ್ಟಿ, ಬಾಣಂತಿಯ ಕೂಸನ್ನು ಕಾಯಿಸಿದಂತೆ ಐದು ದಿನ ಕಾಯಿಸುತ್ತಾರೆ. ಜಿಡ್ಡು ಹೋಗುತ್ತದೆ. ವಾಸನೆ ಹೋಗುವುದಿಲ್ಲ.

ಜೂನ್ ಎಂಟರ ಬೆಳಿಗ್ಗೆ ಅಂಕೋಲೆಯ ಬಸ್ಸಿಗೆ ಹತ್ತಿಸಹೋದರೆ ಕಂಡಕ್ಟರು ಕೈ ಅಡ್ಡ ಹಿಡಿಯುತ್ತಾನೆ.

"ಒಣಮೀನಿನ ಪೆಟ್ಟಿಗೆ ಒಳಗೆ ತರೂಕಾಗೂದಿಲ್ಲ."

"ಇದು ಕಂಪ್ಯೂಟರು ಮಾರಾಯ್ರೇ."

"ನಂಗೂ ಮೂಗು ಉಂಟು."

ಕಡೆಗೆ ಅಂಕೋಲೆಯ ಪೇಟೆಗೆ ಹೊರಟ ಮೀನುಗಾರ ಹೆಂಗಸರ ಟೆಂಪೋದಲ್ಲಿ, ಬುಟ್ಟಿಗಳ ನಡುವೆ, ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಪಕ್ಕದಲ್ಲಿದ್ದ ಸೋಮಿ ಎಂಬ ಹಿರಿಯಾಕೆ ಸಂಗತಿ ಕೇಳಿ ಸೆರಗಿನಿಂದ ಬುಟ್ಟಿ ಮುಚ್ಚಿಕೊಳ್ಳುತ್ತಾಳೆ. "ಅದಕ್ಕೆ ಮೀನಿನ ವಾಸ್ನಿ ಹತ್ತಿದ್ದು ಹತ್ತಿತು. ನನ್ನ ಮೀನಿಗೆ ಕಂಪ್ಯೂಟರಿನ ವಾಸ್ನಿ ಹತ್ತದಿದ್ರೆ ಆಯ್ತು!" ಟೆಂಪೋ ಪೂರ್ತಿ ನಗುತ್ತದೆ. ದತ್ತಾ ನಗುವುದಿಲ್ಲ. ಇನ್ನು ಉಳಿದಿರುವುದು ಎರಡೇ ದಿನ.

ನಾಗಶ್ರೀಯವರ ಮನೆಯ ಮೆಟ್ಟಿಲಲ್ಲಿ ಹೊಸ ತಕರಾರು. ಶುದ್ಧ ಸಸ್ಯಾಹಾರಿ ಮನೆ. ಅವರ ಅತ್ತೆ ಜಗಲಿಯಿಂದಲೇ ಮೂಗಿಗೆ ಸೆರಗು ಹಿಡಿಯುತ್ತಾರೆ. "ನಿಮ್ಮ ಮೇಲೆ ಸಿಟ್ಟಲ್ಲ ತಾಂಡೇಲರೇ. ನೀವು ಒಳಗೆ ಬನ್ನಿ, ಚಾ ಕುಡೀರಿ. ಪೆಟ್ಟಿಗೆ ಮಾತ್ರ ಹೊರಗೇ ಇರ್ಲಿ."

"ಅತ್ತೇ, ನಂಗೆ ಬೇಕಾದ್ದು ಪೆಟ್ಟಿಗೆಯೇ," ಎನ್ನುತ್ತಾರೆ ನಾಗಶ್ರೀ, ಅಳುವುದೋ ನಗುವುದೋ ತಿಳಿಯದೆ.

ಕೊನೆಗೆ ಪೆಟ್ಟಿಗೆಗೆ ಸೌದೆ ಕೊಟ್ಟಿಗೆಯಲ್ಲಿ ಜಾಗ ಸಿಗುತ್ತದೆ. ಕಿಟಕಿಯಿಂದ ಕರೆಂಟಿನ ವಾಯರು ಎಳೆದು, ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ಪರದೆ ಕಪ್ಪಗೇ ಇರುತ್ತದೆ. ಒಮ್ಮೆ, ಎರಡು ಸಲ, ಆರು ಸಲ. ನಾಗಶ್ರೀ ಸೌದೆಯ ಮೇಲೆ ಕೂತುಬಿಡುತ್ತಾರೆ. ದತ್ತಾ ಕಾರ್ಡು ಕಿತ್ತು ಬೆಳಕಿಗೆ ಹಿಡಿದು, ಅದರ ಚಿನ್ನದ ಬಣ್ಣದ ಅಂಚನ್ನು ಉಗುರಿನಿಂದ ಕೆರೆದು ನೋಡುತ್ತಾರೆ. ಕೂದಲೆಳೆಯಷ್ಟು ಪೊರೆ.

"ಅಕ್ಕೋರೇ, ರಬ್ಬರ್ ಉಂಟಾ? ಪೆನ್ಸಿಲ್ ಅಳಿಸೂದು?"

ಅಕ್ಕೋರ ಚೀಲದಲ್ಲಿ ಇಲ್ಲದೆ ಇರುತ್ತದೆಯೆ! ಅದರಿಂದ ಅಂಚನ್ನು ತಿಕ್ಕಿ ತಿಕ್ಕಿ ಕಾರ್ಡನ್ನು ಮತ್ತೆ ಸಿಕ್ಕಿಸಿದ ಮೇಲೆ, ಪರದೆ ಸಣ್ಣಗೆ ಮಿನುಗಿ, ಬೆಳಗುತ್ತದೆ. ನಾಗಶ್ರೀ ಹೊಸ ಆವೃತ್ತಿ ಹಾಕಿ ನಡೆಸಿದರೆ ಕನ್ನಡವೂ ಮೂಡುತ್ತದೆ. ಆದರೆ ಕೆಳಗಿನ ಎರಡು ಸಾಲು ಕಲಸಿಹೋಗಿವೆ. ದತ್ತಾರ ಮುಖ ಬಾಡುತ್ತದೆ, ನಾಗಶ್ರೀಯವರದ್ದು ಅರಳುತ್ತದೆ. "ಇದೇ ಬೇಕಾಗಿತ್ತು! ತಪ್ಪು ಸಿಕ್ಕಿದ್ರೆ ತಾನೇ ತಿದ್ದೂದು?"

ಇಂಟರ್ನೆಟ್ಟಿಗೆ ಹಚ್ಚಿದ ಮನೆಯ ಫೋನ್ ಲೈನು ಎರಡು ದಿನ ಯಾರಿಗೂ ಸಿಗುವುದಿಲ್ಲ. ತಪ್ಪಿನ ವಿವರ ಇಲ್ಲಿಂದ ಹೋಗುತ್ತದೆ, ಮುಖ ಕಾಣದ ಯಾರೋ ಏಳು ಸಮುದ್ರದಾಚೆಯಿಂದ ತಿದ್ದುಪಡಿ ಕಳಿಸುತ್ತಾರೆ, ಸೌದೆ ಕೊಟ್ಟಿಗೆಯಲ್ಲಿ ಪರೀಕ್ಷೆಯಾಗುತ್ತದೆ, ಮತ್ತೆ ಹೋಗುತ್ತದೆ. ಹತ್ತನೇ ತಾರೀಕಿನ ಮಧ್ಯಾಹ್ನ ಮೂರನೆಯ ತಿದ್ದುಪಡಿಗೆ ಎಲ್ಲ ಸಾಲುಗಳೂ ನೆಟ್ಟಗಾಗುತ್ತವೆ. ಕಾರ್ಡು ಪಟ್ಟಿಯಲ್ಲಿ ಉಳಿಯುತ್ತದೆ. ಹೊಸ ಆವೃತ್ತಿ ಪರೀಕ್ಷೆ ಮುಗಿಸಿ ಅಧಿಕೃತವಾಗಿ ಬಂದದ್ದರಿಂದ ಶಾಲೆಯ ಆದೇಶಕ್ಕೂ ಇನ್ನು ಬಾಯಿಲ್ಲ. ಜುಲೈಯಲ್ಲಿ ಹತ್ತೂ ಕಂಪ್ಯೂಟರುಗಳು ಕನ್ನಡ ಕಾಣುತ್ತವೆ.

ಉದ್ಘಾಟನೆಯ ಭಾಷಣದಲ್ಲಿ ಮುಖ್ಯಾಧ್ಯಾಪಕರು ಇಲಾಖೆಗೆ, ಗಣ್ಯರಿಗೆ, ಶಾಮಿಯಾನದವರಿಗೆ ವಂದನೆ ಹೇಳುತ್ತಾರೆ. ನಾಗಶ್ರೀ ಹಲ್ಲು ಕಚ್ಚಿ ಕೂತಿರುತ್ತಾರೆ. ದತ್ತಾ ಆ ದಿನ ಹೋಗಿಯೇ ಇರಲಿಲ್ಲ. ಅವರು ಹೋದದ್ದು ವಾರ ಕಳೆದ ಮೇಲೆ, ಹಬ್ಬುವಾಡದ ಕಡೆಯಿಂದ ಬಂದ ಇನ್ನೊಂದು ಯಂತ್ರದ ಮಾತಾಡಲು. ತರಗತಿ ನಡೆಯುತ್ತಿದ್ದುದರಿಂದ, ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ಕಂಪ್ಯೂಟರ್ ಕೋಣೆಯ ಕಿಟಕಿಯ ಹೊರಗೇ ನಿಂತರು. ಒಳಗೆ ಒಂಬತ್ತನೆಯ ತರಗತಿಯ ಸುಕ್ರಿ ಎಂಬ ಹುಡುಗಿ ಪರದೆಯ ಮೇಲಿನ ಕನ್ನಡವನ್ನು ಸರಸರ ಓದಿ, ಬೇಕಾದ್ದನ್ನು ಒತ್ತಿ, ಕಾದು, ಸಿಡುಕಿದಳು.

"ಅಕ್ಕೋರೇ, ಇದೆಂತ ಇಷ್ಟು ನಿಧಾನ!"

ನಾಗಶ್ರೀ ಕಿಟಕಿಯತ್ತ ನೋಡಿದರು. ಬೈಗುಳ ಬರುತ್ತದೆಂದೇ ಅವರ ಎಣಿಕೆ. ದತ್ತಾ ಬೈಯಲಿಲ್ಲ. ಈಗಲೂ ಅಂಗಡಿಗೆ ಬಂದವರಿಗೆ ಆ ಮಾತನ್ನು ಅವರು ತಾವಾಗಿಯೇ ಹೇಳುತ್ತಾರೆ, ಕೈಯಲ್ಲಿನ ಕೆಲಸ ನಿಲ್ಲಿಸಿ.

"ನಿಧಾನ ಅಂದ್ಲು ಆ ಹುಡ್ಗಿ. ನಿಧಾನ ಅನ್ನೂಕೆ ಅದು ನಡೀಬೇಕಲ್ಲ ಮಾರಾಯ್ರೇ."