ಮಟಮಟ ಮಧ್ಯಾಹ್ನದ ಗ್ರೀಕ್ ದೇವರು

ಮಧ್ಯಾಹ್ನ ಹನ್ನೆರಡು ಹೊಡೆದ ಮೇಲೆ ಎರಡು ಗಂಟೆಯವರೆಗೆ ನಾನು ಸಿಳ್ಳೆ ಹಾಕುವುದಿಲ್ಲ. ಬೊಕ್ಕತಲೆಯ, ಬಿ.ಪಿ. ಮಾತ್ರೆ ನುಂಗುವ, ಐವತ್ತು ದಾಟಿದ ಇತಿಹಾಸದ ಉಪನ್ಯಾಸಕ ಯಾವ ಹೊತ್ತಿನಲ್ಲಾದರೂ ಸಿಳ್ಳೆ ಯಾಕೆ ಹಾಕಬೇಕು ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಅದನ್ನೇ ಕೇಳುತ್ತಾಳೆ. ಏನು ಮಾಡಲಿ, ನನಗೆ ಒಲಿದಿರುವುದು ಅದೊಂದೇ ವಿದ್ಯೆ. ಎರಡು ಬೆರಳು ಮಡಿಸಿ ನಾಲಿಗೆಯ ಕೆಳಗಿಟ್ಟು ಊದಿದರೆ ಚಿಕ್ಕಂದಿನಲ್ಲಿ ಮೂರು ಹೊಲದಾಚೆಯ ಎತ್ತು ಕೂಡ ತಲೆಯೆತ್ತುತ್ತಿತ್ತು. ಆ ವಿದ್ಯೆಗೆ ದಿನಕ್ಕೆ ಎರಡು ಗಂಟೆ ಬಿಡುವು ಕೊಟ್ಟಿರುವುದಕ್ಕೆ ಕಾರಣ ಒಬ್ಬ ದೇವರು. ನಮ್ಮ ದೇವರಲ್ಲ, ಗ್ರೀಕರ ದೇವರು. ಅವನನ್ನು ನಾನು ನಂಬುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಕೊಳ್ಳೇಗಾಲದ ಮಕ್ಕಳಿಗೆ ಗ್ರೀಕ್ ದೇವತೆಗಳನ್ನು ಪರಿಚಯಿಸುವುದು ಸುಲಭದ ಕೆಲಸವಲ್ಲ. ನಮ್ಮ ಕಾಲೇಜಿನ ಗೇಟಿನೆದುರು ಕಬ್ಬಿನ ಹಾಲಿನ ಗಾಡಿ ನಿಂತಿರುತ್ತದೆ. ನಾನು ಗಂಭೀರವಾಗಿ, “ಗ್ರೀಕರ ದೇವತೆಗಳಿಗೆಲ್ಲ ಒಡೆಯ ಜ್ಯೂಸ್” ಎಂದ ಕೂಡಲೇ ಹಿಂದಿನ ಬೆಂಚಿನಿಂದ, “ಐಸ್ ಹಾಕುದ್ದಾ, ಹಾಕ್ದೆ ಇರೋದಾ ಸಾ?” ಎಂದು ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಾರೆ. ವಿದ್ಯಾರ್ಥಿಗಳು ಬದಲಾಗುತ್ತಾರೆ, ಪ್ರಶ್ನೆ ಬದಲಾಗುವುದಿಲ್ಲ. ಆಮೇಲೆ ಸಿಡಿಲು ಹಿಡಿದ ಇಂದ್ರನಂಥವನು ಎಂದೋ, ಸಮುದ್ರದ ಪೊಸೈಡನ್ ನಮ್ಮ ವರುಣನಂಥವನು ಎಂದೋ, ಪಾತಾಳದ ಹೇಡಿಸ್ ಯಮನ ದಾಯಾದಿ ಎಂದೋ ಹೇಳಿ ಪಾಠ ಸಾಗಿಸುತ್ತೇನೆ. ಅವರ ಜಗಳ, ಹೊಟ್ಟೆಕಿಚ್ಚು, ಪ್ರೇಮಪ್ರಸಂಗಗಳನ್ನು ಕೇಳಿ ಮಕ್ಕಳು ಖುಷಿಪಡುತ್ತಾರೆ. ಹೆದರುವವರು ಯಾರೂ ಇಲ್ಲ.

ನನಗೆ ಮಾತ್ರ ಆ ಒಡ್ಡೋಲಗದ ದೇವತೆಗಳಿಗಿಂತ ಪಠ್ಯಪುಸ್ತಕದಲ್ಲಿ ಜಾಗವೇ ಸಿಗದ ಒಬ್ಬನ ಮೇಲೆ ಮೊದಲಿನಿಂದಲೂ ಸಲಿಗೆ. ಅವನ ಹೆಸರು ಪ್ಯಾನ್. ಸೊಂಟದಿಂದ ಮೇಲೆ ಮನುಷ್ಯ, ಕೆಳಗೆ ಮೇಕೆ. ತಲೆಯ ಮೇಲೆ ಎರಡು ಕೊಂಬು. ಕುರಿ ಮೇಕೆ ಕಾಯುವವರ ದೇವರು. ಬೆಟ್ಟದ ತಪ್ಪಲು, ಪೊದೆ, ಬಂಡೆಗಳ ನಡುವೆ ಕೊಳಲೂದುತ್ತ ಅಲೆಯುತ್ತಾನೆ. ಆದರೆ ನಡುಹಗಲಿನಲ್ಲಿ ಅವನು ದಣಿದು ಮಲಗುತ್ತಾನಂತೆ. ಆ ಹೊತ್ತಿನಲ್ಲಿ ಕುರಿಗಾಹಿಗಳು ಕೊಳಲು ಮುಟ್ಟುತ್ತಿರಲಿಲ್ಲ. ನಿದ್ದೆ ಕೆಟ್ಟರೆ ಅವನು ಎದ್ದು ಬಂದು ಹೊಡೆಯುವುದಿಲ್ಲ, ಶಾಪ ಕೊಡುವುದಿಲ್ಲ. ಒಂದು ಕೂಗು ಹಾಕುತ್ತಾನೆ, ಅಷ್ಟೆ. ಕೇಳಿದ ಮಂದೆಯೂ ಮನುಷ್ಯರೂ ಕಾರಣವೇ ತಿಳಿಯದೆ ದಿಕ್ಕೆಟ್ಟು ಓಡುತ್ತಾರೆ. ಈಗ ನಾವು ಮಾತುಮಾತಿಗೆ ‘ಪ್ಯಾನಿಕ್ ಆಗ್ಬೇಡಿ’ ಎನ್ನುತ್ತೇವಲ್ಲ, ಆ ಮಾತು ಹುಟ್ಟಿದ್ದು ಇವನ ಹೆಸರಿನಿಂದಲೇ.

ನಮ್ಮಕ್ಕ ನಿಂಗಮ್ಮನ ಮನೆ ಇರುವುದು ಹನೂರಿನಿಂದ ಮಾದಪ್ಪನ ಬೆಟ್ಟದ ಕಡೆ ಹೋಗುವ ದಾರಿಯಲ್ಲಿ, ಬಸ್ಸಿಳಿದು ಒಳಗೆ ನಡೆದು ಹೋಗಬೇಕಾದ ಒಂದು ಊರಿನಲ್ಲಿ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಇಪ್ಪತ್ತೆಂಟು ಮೇಕೆ ಸಾಕಿದ್ದಾಳೆ. ಅವಳ ಜೊತೆಗೆ ಮೇಕೆ ಕಾಯಲು ಪಕ್ಕದ ಬೀದಿಯ ಜವರಯ್ಯ ಬರುತ್ತಾರೆ. ಎಪ್ಪತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಕಳೆದ ಬೇಸಿಗೆ ರಜೆಯಲ್ಲಿ ನಾಲ್ಕು ದಿನ ಇದ್ದು ಬರೋಣವೆಂದು ಹೋದವನು, ಎರಡನೆಯ ದಿನ ಅವರ ಹಿಂದೆ ನಾನೂ ಹೊರಟೆ. ಕೈಯಲ್ಲಿ ಕೊಡೆ, ಹೆಗಲಲ್ಲಿ ನೀರಿನ ಬಾಟಲಿ, ತಲೆಗೆ ಟೋಪಿ. ಮೇಕೆಗಳು ನನ್ನನ್ನು ನೋಡಿದ ರೀತಿಯಲ್ಲೇ ಅವಕ್ಕೆ ನನ್ನ ಬಗ್ಗೆ ಏನನ್ನಿಸಿತೆಂದು ಗೊತ್ತಾಯಿತು.

ಹನ್ನೊಂದೂವರೆಗೆಲ್ಲ ಬಂಡೆಗಳು ಕಾದಿದ್ದವು. ಲಂಟಾನದ ಪೊದೆಗಳ ನಡುವೆ ಒಂದು ಹುಣಸೇಮರ. ಅದರ ನೆರಳಿನಲ್ಲಿ ಕುಳಿತೆವು. ಮೇಕೆಗಳೂ ಬಂದು ಮಲಗಿದವು. ಅಕ್ಕ ಬುತ್ತಿ ಬಿಚ್ಚುತ್ತ, “ಇನ್ ಮಾತು ಸಣ್ಣಕ್ಕೆ ಆಡು ಕಣ್ಲಾ. ಕೂಗೋದು, ಸಿಳ್ಳೆ ಹಾಕೋದು ಏನೂ ಬ್ಯಾಡ. ಉರಿಬಿಸ್ಲು ಇಳೀಲಿ” ಎಂದಳು.

“ಯಾಕಕ್ಕ?”

“ಯಾಕೆ ಅಂದ್ರೆ? ನಮ್ ಅತ್ತೆ ಏಳವ್ರೆ, ಅವ್ರತ್ತೆ ಅವ್ರ್‌ಗೇಳವ್ರೆ. ಇದು ನಮ್ ಹೊತ್ತಲ್ಲ.”

ನನಗೆ ರೋಮಾಂಚನವಾಯಿತು. ಭಯದಿಂದಲ್ಲ, ಪಾಂಡಿತ್ಯದಿಂದ. ಸಾವಿರಾರು ಮೈಲಿ ದೂರದ, ಎರಡು ಸಾವಿರ ವರ್ಷಕ್ಕೂ ಹಳೆಯ ಕುರಿಗಾಹಿಗಳ ಮಾತು ನಮ್ಮಕ್ಕನ ಬಾಯಲ್ಲಿ! ಅಲ್ಲೇ ಪ್ಯಾನ್ ದೇವರ ಕಥೆ ಶುರುಮಾಡಿದೆ. ಜವರಯ್ಯ ಕಣ್ಣು ಮುಚ್ಚಿಕೊಂಡೇ ಕೇಳಿದರು. ಮುಗಿದ ಮೇಲೆ, “ಅಲ್ಲೂ ಅವ್ನಾ?” ಎಂದಷ್ಟೇ ಹೇಳಿ ಮಗ್ಗುಲು ಬದಲಿಸಿದರು.

ಆ ‘ಅಲ್ಲೂ’ ನನ್ನನ್ನು ಕೆಣಕಿತು. ಕಾಲೇಜಿನ ಮೇಷ್ಟರಿಗೆ ಒಂದು ರೋಗ ಇರುತ್ತದೆ: ಎದುರಿಗಿದ್ದವರು ಏನನ್ನಾದರೂ ನಂಬಿದ್ದಾರೆ ಎಂದರೆ ತಡೆದುಕೊಳ್ಳಲಾಗುವುದಿಲ್ಲ. ಮೂಢನಂಬಿಕೆಗೆ ಪ್ರಾತ್ಯಕ್ಷಿಕೆಯೇ ಮದ್ದು ಎಂದು ಎದ್ದು ನಿಂತೆ. ಅಕ್ಕ “ಲೇ, ಬ್ಯಾಡ ಅಂದ್ನಲ್ಲ” ಎನ್ನುವಷ್ಟರಲ್ಲಿ ಎರಡು ಬೆರಳು ನಾಲಿಗೆಯ ಕೆಳಗೆ ಹೋಗಿದ್ದವು. ಎದುರಿನ ಗುಡ್ಡದ ಕಡೆಗೆ ತಿರುಗಿ ಉದ್ದನೆಯ ಒಂದು ಸಿಳ್ಳೆ ಹಾಕಿದೆ.

ಗುಡ್ಡದಿಂದ ಅದು ವಾಪಸು ಬಂತು. ಪ್ರತಿಧ್ವನಿ ಎಂದು ನಕ್ಕೆ. ಆದರೆ ನಾನು ಹಾಕಿದ್ದು ಒಂದು ಸಿಳ್ಳೆ. ಬಂದದ್ದು ಎರಡು. ಮೊದಲನೆಯದು ನನ್ನದರಂತೆಯೇ ಇತ್ತು. ಸ್ವಲ್ಪ ತಡೆದು ಬಂದ ಎರಡನೆಯದು ಕೊನೆಯಲ್ಲಿ ತುಸು ಮೇಲಕ್ಕೇರಿತು, ಯಾರೋ ಪ್ರಶ್ನೆ ಕೇಳುವ ಹಾಗೆ.

ಅಷ್ಟು ಹೊತ್ತು ಜೀರೆನ್ನುತ್ತಿದ್ದ ಜೀರುಂಡೆಗಳು ಒಮ್ಮೆಲೇ ನಿಂತವು. ಸದ್ದು ಇದ್ದಾಗ ಗಮನಕ್ಕೇ ಬಂದಿರಲಿಲ್ಲ. ನಿಂತ ಮೇಲೆ ಕಿವಿಗೆ ಹತ್ತಿ ತುರುಕಿದಂತಾಯಿತು. ಮಲಗಿದ್ದ ಮೇಕೆಗಳು ಎದ್ದು ನಿಂತವು. ಇಪ್ಪತ್ತೆಂಟೂ ಒಂದೇ ಕಡೆ ಮುಖ ಮಾಡಿದ್ದವು. ಒಂದೂ ಮೆಲುಕು ಹಾಕುತ್ತಿರಲಿಲ್ಲ. ಅವು ನೋಡುತ್ತಿದ್ದ ಕಡೆ ಏನಿದೆ ಎಂದು ನಾನೂ ನೋಡಿದೆ. ಬಿಸಿಲಿತ್ತು. ಬಿಸಿಲು ಬಿಟ್ಟು ಏನೂ ಇರಲಿಲ್ಲ.

ಆಮೇಲೆ ಓಡಿದವು. ಬೆದರಿದ ಮೇಕೆ ಒಂದರ ಹಿಂದೆ ಒಂದು ಓಡುವುದನ್ನು ನೋಡಿದ್ದೇನೆ. ಇವು ಹಾಗೆ ಓಡಲಿಲ್ಲ; ಬೊಗಸೆಯ ಕಾಳು ನೆಲಕ್ಕೆ ಬಿದ್ದು ಚೆಲ್ಲಿದ ಹಾಗೆ ಒಂದೊಂದೂ ಒಂದೊಂದು ದಿಕ್ಕಿಗೆ ಹಾರಿದವು. ಅಕ್ಕ “ಅಯ್ಯೋ ಮಾದಪ್ಪಾ” ಎಂದು ಕೋಲು ಹಿಡಿದು ಬಲಗಡೆಗೆ ಓಡಿದಳು. ಜವರಯ್ಯ ಇನ್ನೊಂದು ಕಡೆಗೆ. ನಾನು? ನಾನೂ ಓಡಿದೆ. ಮೇಕೆ ಹಿಡಿಯಲಿಕ್ಕಲ್ಲ. ಯಾಕೆ ಎಂದು ನನಗೆ ಈಗಲೂ ಗೊತ್ತಿಲ್ಲ. ಪ್ಯಾನಿಕ್ ಶಬ್ದದ ವ್ಯುತ್ಪತ್ತಿಯನ್ನು ವರ್ಷವರ್ಷವೂ ಪಾಠ ಹೇಳಿದವನು ಒಂದು ಚಪ್ಪಲಿ, ಟೋಪಿ, ಕೊಡೆ ಎಲ್ಲ ಬಿಟ್ಟು, ಮುಳ್ಳು ತರಚಿದ್ದು ಕೂಡ ತಿಳಿಯದೆ, ಅಳುವ ಮಗುವಿನ ಹಾಗೆ ಬಾಯಿ ತೆರೆದುಕೊಂಡು ಓಡಿದೆ.

ಎಷ್ಟು ದೂರ ಓಡಿದೆನೋ. ಉಸಿರು ಕಟ್ಟಿ ನಿಂತಾಗ ಸುತ್ತ ಆಳೆತ್ತರದ ಲಂಟಾನ. ಯಾರೂ ಕಾಣಲಿಲ್ಲ. ಆಗ ಎದುರಿನ ಪೊದೆಯ ಆಚೆಯಿಂದ ಅಕ್ಕನ ದನಿ ಕೇಳಿಸಿತು.

“ಮರೀ...”

ಚಿಕ್ಕಂದಿನಲ್ಲಿ ಮನೆಯಲ್ಲಿ ನನ್ನನ್ನು ಕರೆಯುತ್ತಿದ್ದ ಹೆಸರು ಅದು. ಜೀವ ಬಂದಂತಾಯಿತು. ಪೊದೆ ಸರಿಸಿ ಎರಡು ಹೆಜ್ಜೆ ಮುಂದಿಟ್ಟೆ. ಮತ್ತೆ ಕೇಳಿಸಿತು. “ಮರೀ...” ಈ ಸಲ ಇನ್ನೂ ಹತ್ತಿರ, ಇನ್ನೂ ಮೆತ್ತಗೆ, ಉಣ್ಣಲು ಕರೆಯುವ ಹಾಗೆ. “ಬಂದೆ ಅಕ್ಕ” ಎನ್ನಲು ಬಾಯಿ ತೆರೆದಿದ್ದೆ. ಹಿಂದಿನಿಂದ ಯಾರೋ ಅಂಗಿಯ ಕಾಲರು ಹಿಡಿದು ಎಳೆದರು. ಕುಕ್ಕರಿಸಿ ಬಿದ್ದೆ. ಒರಟು ಅಂಗೈಯೊಂದು ನನ್ನ ಬಾಯಿ ಮುಚ್ಚಿತು. ಜವರಯ್ಯ.

“ಓಗೊಡ್ಬ್ಯಾಡಿ ಸಾ,” ಅವರು ಕಿವಿಯಲ್ಲಿ ಪಿಸುಗುಟ್ಟಿದರು. “ಮೂರ್ನೇ ಸತಿ ಕರುದ್ರೆ ಮನುಸ್ರು. ತಡೀರಿ.”

ಇಬ್ಬರೂ ಹಾಗೇ ಕುಳಿತೆವು. ಅವರ ಕೈಯ ಬೀಡಿಯ ವಾಸನೆಯೊಂದೇ ಆಗ ನನಗೆ ಲೋಕದಲ್ಲಿ ನಿಜವೆನಿಸಿದ್ದು. ಮೂರನೆಯ ಸಲ ಯಾರೂ ಕರೆಯಲಿಲ್ಲ. ಬಹಳ ಹೊತ್ತಾದ ಮೇಲೆ ಎಲ್ಲೋ ಒಂದು ಜೀರುಂಡೆ ಶುರುಮಾಡಿತು. ಆಮೇಲೆ ಎಲ್ಲವೂ. ಜವರಯ್ಯ ಕೋಲಿನಿಂದ ಎದುರಿನ ಪೊದೆಯನ್ನು ಪಕ್ಕಕ್ಕೆ ಒತ್ತಿ ತೋರಿಸಿದರು. ನನ್ನ ಕಾಲಿನಿಂದ ಎರಡು ಮಾರು ಆಚೆಗೆ ನೆಲವೇ ಇರಲಿಲ್ಲ. ಹಿಂದೆ ಯಾವಾಗಲೋ ಕರಿಕಲ್ಲು ತೆಗೆದು ಬಿಟ್ಟುಹೋದ ಕ್ವಾರಿ. ಕೆಳಗೆ, ತುಂಬ ಕೆಳಗೆ, ಹಸಿರು ನೀರು ಅಲ್ಲಾಡದೆ ನಿಂತಿತ್ತು.

ಅಕ್ಕ ಸಿಕ್ಕಿದ್ದು ಅದಕ್ಕೆ ತೀರ ಎದುರು ದಿಕ್ಕಿನಲ್ಲಿ, ಹುಣಸೇಮರದಿಂದಲೂ ಆಚೆ. ಕಾಲು ಉಳುಕಿ ಬಂಡೆಗೊರಗಿ ಕುಳಿತಿದ್ದಳು. ಹಣೆಯಲ್ಲಿ ರಕ್ತ ಒಣಗಿತ್ತು. ಅವಳನ್ನು ಆ ಸ್ಥಿತಿಯಲ್ಲಿ ಕಂಡಾಗ ನನಗಾದ ನಾಚಿಕೆಗೆ ಯಾವ ಭಾಷೆಯ ವ್ಯುತ್ಪತ್ತಿಯೂ ಸಾಲದು. ಅವಳ ಪಾದ ಹಿಡಿದುಕೊಂಡು, “ಕೂಗಿದ್ಯಲ್ಲಕ್ಕ, ನಾನು ಬರೋದು ತಡ ಆಯ್ತು” ಎಂದೆ.

“ನಾನೆಲ್ಲಿ ಕೂಗ್ದೆ? ಗಂಟ್ಲೆ ಒಣ್ಗೋಗದೆ. ನೀರ್ ಕೊಡು.”

“ಮರೀ ಅಂತ ಎರಡು ಸಲ ಕರೆದೆ.”

ಅಕ್ಕ ಕುಡಿಯುತ್ತಿದ್ದ ಬಾಟಲಿಯನ್ನು ಕೆಳಗಿಳಿಸಿ ನನ್ನನ್ನೂ ಜವರಯ್ಯನನ್ನೂ ನೋಡಿದಳು. “ನೀ ಕಾಲೇಜ್ ಮೇಷ್ಟ್ರಾದ್ ಮ್ಯಾಲೆ ನಾ ಯಾವತ್ಲಾ ನಿನ್ನ ಮರಿ ಅಂತ ಕರ್ದಿದ್ದೀನಿ?” ಎಂದಳು. ಯೋಚಿಸಿದೆ. ಕರೆದಿರಲಿಲ್ಲ. ಇಪ್ಪತ್ತೈದು ವರ್ಷದಿಂದ ಯಾರೂ ಕರೆದಿರಲಿಲ್ಲ.

ಮೇಕೆಗಳು ಹೊತ್ತಿಳಿಯುವ ಮುಂಚೆ ತಾವಾಗಿಯೇ ಬಂದವು. ಇಪ್ಪತ್ತೆಂಟೂ. ಎಲ್ಲಿಗೆ ಹೋಗಿದ್ದವೆಂದು ಅವು ಹೇಳಲಿಲ್ಲ.

ಮನೆಗೆ ಬಂದು, ಅಕ್ಕನ ಕಾಲಿಗೆ ಪಟ್ಟಿ ಕಟ್ಟಿಸಿ, ಜಗಲಿಯಲ್ಲಿ ಕುಳಿತು ಕಾಫಿ ಕುಡಿದೆವು. ಬಿಸಿಲಿಗೆ ತಲೆ ಸುತ್ತಿರಬೇಕು, ಬಿ.ಪಿ. ಏರಿರಬೇಕು, ಕ್ವಾರಿಯ ಗೋಡೆಗೆ ಬಡಿದು ಯಾವುದೋ ಮೇಕೆಯ ಅರಚಾಟ ಹಾಗೆ ಕೇಳಿಸಿರಬೇಕು ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಹಾಗಾದರೆ ಜವರಯ್ಯನಿಗೆ ಕೇಳಿಸಿದ್ದೇನು? ಅವರನ್ನು ಕೇಳಿದೆ. “ನಂಗೆ ನಮ್ಮವ್ವ ಕರ್ದಂಗಾಯ್ತು ಸಾ” ಎಂದು ಲೋಟ ತೊಳೆದಿಟ್ಟು ಎದ್ದು ಹೋದರು.

“ಆ ನಿನ್ ದೇವ್ರು, ಮೇಕೆ ಕಾಲ್ನವ್ನು, ಈಗ್ಲೂ ಅವ್ನಾ?” ಅಕ್ಕ ಕೇಳಿದಳು.

ಆಗ ಅವಳಿಗೆ ಅವನ ಕೊನೆಯ ಕಥೆ ಹೇಳಿದೆ. ಒಂದು ಹಡಗು ದ್ವೀಪದ ಪಕ್ಕ ಹೋಗುತ್ತಿತ್ತಂತೆ. ಗಾಳಿ ಬಿದ್ದುಹೋಯಿತು. ದಡದಿಂದ ಯಾರೋ ಚುಕ್ಕಾಣಿ ಹಿಡಿದವನ ಹೆಸರು ಹಿಡಿದು ಕರೆದರು. ಒಂದು ಸಲ ಕರೆದಾಗ ಅವನು ಮಾತಾಡಲಿಲ್ಲ. ಎರಡನೆಯ ಸಲವೂ ಸುಮ್ಮನಿದ್ದ. ಮೂರನೆಯ ಸಲಕ್ಕೆ ಓಗೊಟ್ಟ... ಇಷ್ಟು ಹೇಳಿ ಲೋಟ ಕೆಳಗಿಟ್ಟೆ. ಅಷ್ಟು ವರ್ಷ ಹೇಳಿದ ಕಥೆಯಲ್ಲಿ ಆ ಮೂರು ಕರೆಗಳನ್ನು ನಾನು ಗಮನಿಸಿಯೇ ಇರಲಿಲ್ಲ. ಅಕ್ಕ ಮಾತ್ರ, “ಊಂ, ಮುಂದ್ಕೆ ಹೇಳು” ಎಂದಳು. ಮುಂದಿನ ದಡದಲ್ಲಿ ‘ದೊಡ್ಡ ಪ್ಯಾನ್ ಸತ್ತ’ ಎಂದು ಸಾರಿಬಿಡು ಎಂದಿತಂತೆ ಆ ದನಿ. ಅವನು ಹಾಗೇ ಸಾರಿದ. ಯಾರೂ ಇಲ್ಲದ ಆ ದಡದಿಂದ ನೂರಾರು ಜನ ಗೋಳಾಡಿದ ಸದ್ದು ಬಂತಂತೆ.

“ಹೆಣ ಕಂಡೋರು ಅವ್ರಾ?”

“ಇಲ್ಲ.”

“ಬರೀ ಕೂಗ್ ಕೇಳಿ ನಂಬ್ಬುಟ್ರಾ? ಅವ್ನ ಗುಡಿಗ್ಳೇನಾದೋ?”

“ಬಿದ್ದುಹೋದವು. ಜನ ಹೋಗಿ ಫೋಟೊ ತೆಗೆದುಕೊಂಡು ಬರುತ್ತಾರೆ.”

“ಎಡೆ?”

“ಯಾರು ಇಡ್ತಾರಕ್ಕ ಈಗ?”

ಅಕ್ಕ ಅಂಗಳದ ಮೇಕೆಗಳ ಕಡೆ ತಿರುಗಿದಳು. “ಸತ್ತಿಲ್ಲ ಬುಡು,” ಎಂದಳು. “ಹಸ್ಕೊಂಡವ್ನೆ. ಮೇಕೆ ಇದ್ ಕಡೆ ಹುಡೀಕೊಂಡ್ ಬಂದವ್ನೆ. ಪಾಪ.”

ಮಹಾ ಮಹಾ ವಿದ್ವಾಂಸರು ಗ್ರೀಕ್ ಧರ್ಮದ ಅವಸಾನಕ್ಕೆ ಏನೇನೋ ಕಾರಣ ಹುಡುಕಿದ್ದಾರೆ. ಆ ದೇವತೆಗಳ ಬಗ್ಗೆ ‘ಪಾಪ’ ಎಂದವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅಕ್ಕನ ಕಾಲು ಸರಿಹೋಗಲು ಎರಡು ವಾರ ಹಿಡಿಯಿತು. ಅಷ್ಟು ದಿನವೂ ಅಲ್ಲೇ ಉಳಿದು ಅವಳ ಬದಲು ಜವರಯ್ಯನ ಜೊತೆ ಮೇಕೆ ಕಾದೆ. ಹನ್ನೆರಡರ ಮೇಲೆ ಕೆಮ್ಮು ಬಂದರೂ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡೆ. ನಾನು ಊರಿಗೆ ಹೊರಡುವ ದಿನ ಅವಳು ಕುಂಟುತ್ತಲೇ ಬಂದಳು. ಹುಣಸೇಮರದಿಂದ ಸ್ವಲ್ಪ ಆಚೆಗೆ ಒಂದು ಚಪ್ಪಟೆ ಕಲ್ಲಿತ್ತು. ಮುತ್ತುಗದ ಎಲೆ ಹಾಸಿ, ಅರ್ಧ ಮುದ್ದೆ, ಮೇಲೆ ಒಂದಿಷ್ಟು ಹುರುಳಿಕಾಳಿನ ಸಾರು, ಪಕ್ಕದಲ್ಲಿ ಒಂದು ಚೂರು ಬೆಲ್ಲ ಮಡಗಿದಳು. ಹೂವಿಲ್ಲ, ಮಂತ್ರವಿಲ್ಲ.

“ಅವನಿಗೆ ಮುದ್ದೆ ಅಭ್ಯಾಸ ಇರಲಾರದಕ್ಕ,” ಎಂದೆ ಮೆಲ್ಲಗೆ.

“ಹಸ್ದೋರು ತಿಂತಾರೆ, ನಡಿ.”

ಬಿಸಿಲು ನೆತ್ತಿಗೆ ಬಂದಿತ್ತು. ಅವಳನ್ನು ತೋಳು ಹಿಡಿದು ನಡೆಸಿಕೊಂಡು ಮರದ ಕಡೆ ಬಂದೆ. ನಮ್ಮ ಬೆನ್ನ ಹಿಂದೆ ಜೀರುಂಡೆಗಳು ಒಂದೊಂದಾಗಿ ಸುಮ್ಮನಾದವು. ಒಣ ಎಲೆ ಸರಿದ ಸದ್ದಾಯಿತು. ತಿರುಗಿ ನೋಡುವ ಆಸೆ ನನಗೆ ತಡೆಯಲಾರದಷ್ಟು ಬಂತು. ಎಷ್ಟಾದರೂ ನಾನು ಇತಿಹಾಸದವನು. ಆದರೆ ಉಣ್ಣುವವರನ್ನು ನೋಡುತ್ತ ನಿಲ್ಲುವುದು ಮರ್ಯಾದೆಯಲ್ಲ. ಅಕ್ಕನ ತೋಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡು ನಡೆದೆ.