ಗೋಡೆಯೊಳಗಿನ ಕೈ

ಅಳವಂಡಿಯಲ್ಲಿ ನಮ್ಮ ಮನೆಗೂ, ನಾವು ಖಾಲಾ ಎನ್ನುತ್ತಿದ್ದ ಬಳೆಗಾರ್ತಿಯ ಮನೆಗೂ ಮಣ್ಣಿನ ಮಾಳಿಗೆ ಒಂದೇ, ನಡುಗೋಡೆಯೂ ಒಂದೇ. ಒಂದು ದೀಪ ಎರಡೂ ಮನೆ ಬೆಳಗಲೆಂದು ಹಳಬರು ಆ ಕಲ್ಲುಗೋಡೆಯಲ್ಲಿ ಈಚೆಯಿಂದಾಚೆ ತೆರೆದ ಗೂಡು ಬಿಟ್ಟಿದ್ದರು. ಕರೆಂಟು ಬಂದ ಮೇಲೆ ಅದೇ ಖಾಲಾಳ ಅಂಗಡಿ. ಅವ್ವ ಈಚೆಯಿಂದ ಕೈ ತೂರಿಸುವಳು. ಆಚೆಯಿಂದ ಖಾಲಾ ಬಳೆ ಏರಿಸುವಳು. ಯಾರ ಕೈ ಹಿಡಿದರೂ ಅವಳ ಮಾತು ಒಂದೇ: "ಕೈ ಸಡ್ಲ ಬಿಡವಾ."

ನಾವು ಗೋಡೆಗೆ ಟೈಲ್ಸ್ ಹಚ್ಚಿಸಲು ಹೊರಟೆವು. ಗೂಡು ಮುಚ್ಚಲು ಗೌಂಡಿ ಇಟ್ಟಿಗೆ ಎತ್ತುತ್ತಲೇ ಆಚೆಯಿಂದ ಮೊಣಕೈವರೆಗೆ ಒಂದು ಕೈ ಬಂದು ನಿಂತಿತು.

"ಖಾಲಾ, ಕೈ ತಗೀರಿ!" ಎಂದ ಗೌಂಡಿ.

"ತಗಿಯೂದಿಲ್ಲ. ಕಟ್ಟೂದಿದ್ರ ಬಳಿ ಸಮೇತ ಕಟ್ಟು, ಯಪ್ಪಾ!"

ಆ ಕೈಯ ಬಳೆ ಹಸಿರಿದ್ದವೆಂದು ಅವ್ವ ಈಗಲೂ ಅನ್ನುತ್ತಾಳೆ, ಕೆಂಪೆಂದು ನಾನು. ಆಚೆಗಿದ್ದ ಅವಳ ನಗುಮುಖವನ್ನು ನಾನು ಆಮೇಲೆ ನೆನಪಿಗೆ ಸೇರಿಸಿಕೊಂಡಿರಬೇಕು. ಕಂಡದ್ದು ಕೈ ಮಾತ್ರ.

ಅವ್ವ ಆ ಅಂಗೈ ಮೇಲೆ ಬಿಸಿ ರೊಟ್ಟಿ ಇಟ್ಟು, "ಕೈ ಸಡ್ಲ ಬಿಡ್ರಿ ಖಾಲಾ," ಎಂದಳು. ರೊಟ್ಟಿಯೊಂದಿಗೆ ಕೈ ಸರಕ್ಕನೆ ಹಿಂದೆ ಹೋಯಿತು. ಗೌಂಡಿ ಮತ್ತೆ ಇಟ್ಟಿಗೆ ಎತ್ತಿದ.

ಕೈ ವಾಪಸು ಬಂತು.

"ಬರೇ ರೊಟ್ಟಿ ಕೊಟ್ಟೀಯಲ್ಲವಾ, ಪಲ್ಯಾ ಎಲ್ಲೈತಿ?"

ಗೌಂಡಿ ನಕ್ಕು, ಇಟ್ಟಿಗೆ ಕೆಳಗಿಟ್ಟು, ಗೂಡು ತೆರೆದೇ ಉಳಿಯುವಂತೆ ಟೈಲ್ಸನ್ನು ಅದರ ಅಂಚಿನ ಅಳತೆಗೆ ಕೊಯ್ಯತೊಡಗಿದ.